ಕೊನೆಯ ಊರಿನ ಟ್ಯಾಂಕೂ ತುಂಬಿತು, ಎಲ್ಲರಿಗೂ ನಮಸ್ಕಾರ

ಮಳವಳ್ಳಿ ತಾಲ್ಲೂಕಿನ ನಮ್ಮ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ಕೊನೆಯ ಊರಿಗೂ ನೀರು ಮುಟ್ಟಿದೆ. ಟ್ಯಾಂಕ್ ತುಂಬಿದೆ, ಮನೆ ಮನೆಯ ನಲ್ಲಿಯಲ್ಲಿ ನೀರು ಬರುತ್ತಿದೆ. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಒಂದಷ್ಟು ಹೆಸರು ಹೇಳಿದರು. ಹೇಳದೆ ಉಳಿದವರು ಜಾಸ್ತಿ. ಸೈಟ್ ಎಂಜಿನಿಯರ್ ಆಗಿ ನಾನು ಅವರ ಜೊತೆಯಲ್ಲೇ ಇದ್ದವಳು. ಅವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ಈ ಸೀಮೆ ಗೊತ್ತಿಲ್ಲದವರಿಗೆ ಒಂದು ಮಾತು. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ದಾಟಿ ಬರುತ್ತದೆ. ಮದ್ದೂರು, ಮಳವಳ್ಳಿ ಕಡೆಯವರು ಆ ನಾಲೆಯ ಕೊನೇ ಭಾಗದವರು. ನಾನೂ ಮದ್ದೂರು ತಾಲ್ಲೂಕಿನವಳೇ. 'ಕೊನೇ ಭಾಗಕ್ಕೆ ನೀರು ಬಂದಿಲ್ಲ' ಅನ್ನುವ ಮಾತು ಕೇಳದೆ ಇಲ್ಲಿ ಯಾವ ಮಗುವೂ ಬೆಳೆಯುವುದಿಲ್ಲ. ಇದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದಲೂ ಬೆಂಗಳೂರಿಗೆ ಕಾವೇರಿ ನೀರು ಹೋಗುತ್ತಿದೆ. 2024ರ ಅಕ್ಟೋಬರ್ 16ಕ್ಕೆ ಐದನೇ ಹಂತವೂ ಶುರುವಾಯಿತು. ಅದೊಂದೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಬೆಂಗಳೂರಿನ ಅಂಚಿನ 110 ಹಳ್ಳಿಗಳ ಜನ ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದರು. ಅವರಿಗೆ ನೀರು ಸಿಕ್ಕಿದ್ದು ನನಗೆ ನಿಜವಾಗಿಯೂ ಖುಷಿ. ಆದರೆ ಅಷ್ಟು ದಪ್ಪದ ಕೊಳವೆಗಳು ಹಾದುಹೋಗುವ ತಾಲ್ಲೂಕಿನಲ್ಲೇ ಹೆಣ್ಣುಮಕ್ಕಳು ತೊಂಬೆ ಮುಂದೆ ಬಿಂದಿಗೆ ಸಾಲಿಟ್ಟು ಕರೆಂಟಿಗೆ ಕಾಯುತ್ತಿದ್ದರು. ಇಲ್ಲಿ ಕೆಲಸ ಮಾಡಲು ಒಪ್ಪಿಕೊಂಡಾಗ ನನ್ನ ಮನಸ್ಸಿನಲ್ಲಿದ್ದದ್ದು ಅದೇ.

ಮೊದಲ ನಮಸ್ಕಾರ ಪೈಪಿಗೆ ದಾರಿ ಬಿಟ್ಟ ರೈತರಿಗೆ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. 2024ರ ಬೇಸಿಗೆಯಲ್ಲಿ ಅದು 90 ಅಡಿಗಿಂತ ಕೆಳಗಿತ್ತು. ನಾಲೆಯ ಅಡಿಯಲ್ಲಿ ಪೈಪ್ ದಾಟಿಸಬೇಕಾದರೆ ನಾಲೆಯಲ್ಲಿ ನೀರಿರಬಾರದು. ನಮ್ಮ ಕೆಲಸಕ್ಕೆ ಅನುಕೂಲವಾದ ದಿನಗಳೇ ಅವರ ಕಬ್ಬು ಒಣಗಿದ ದಿನಗಳು. ಅಂಥ ಹೊತ್ತಿನಲ್ಲಿ ಹಿಟಾಚಿ ತಂದು ಹೊಲದ ಬದು ಅಗೆಯುತ್ತೇವೆ ಅಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಬೈದರು. ಬೈದು ಆದ ಮೇಲೆ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ ಅಂತ ಮರದಡಿ ಕೂರಿಸಿ ಮಜ್ಜಿಗೆ ಕೊಟ್ಟರು. ಕೆಲವರು ಕಬ್ಬು ಕಟಾವಾಗುವವರೆಗೆ ತಡೆಯಿರಿ ಅಂದರು. ಕಾದೆವು. ಕಟಾವಾದ ಮಾರನೇ ದಿನವೇ ಅವರೇ ಫೋನ್ ಮಾಡಿ ಕರೆದರು. ಒಬ್ಬರು ತೆಂಗಿನ ತೋಟದ ನಡುವೆ ಲೈನ್ ಎಲ್ಲಿ ಹೋದರೆ ಬೇರಿಗೆ ಪೆಟ್ಟಾಗುವುದಿಲ್ಲ ಅಂತ ತಾವೇ ಸುಣ್ಣ ಹಾಕಿ ತೋರಿಸಿದರು. ನಮ್ಮ ಸರ್ವೆಗಿಂತ ಅವರ ಗೆರೆ ಚೆನ್ನಾಗಿತ್ತು.

ಆ ಬರದಲ್ಲೇ ಪೈಪ್ ಪರೀಕ್ಷೆಯೂ ಬಂತು. ಹೊಸ ಲೈನಿಗೆ ನೀರು ತುಂಬಿ, ಮಾಮೂಲಿಗಿಂತ ಹೆಚ್ಚು ಒತ್ತಡ ಕೊಟ್ಟು, ಎಲ್ಲೂ ಸೋರುವುದಿಲ್ಲ ಅಂತ ನೋಡಬೇಕು. ಕುಡಿಯಲು ನೀರಿಲ್ಲದ ಊರಿನಲ್ಲಿ ಪೈಪಿಗೆ ನೀರು ಎಲ್ಲಿಂದ ತರುವುದು? ತಮ್ಮ ಬೋರ್‌ವೆಲ್‌ನಿಂದ ನೀರು ಕೊಟ್ಟವರಿದ್ದಾರೆ. ಒಂದು ಭಾಗದ ಪರೀಕ್ಷೆ ಮುಗಿದ ಮೇಲೆ ಅದೇ ನೀರನ್ನು ಮುಂದಿನ ಭಾಗಕ್ಕೆ ಹಾಯಿಸಿದೆವು. ಕೊನೆಗೆ ಉಳಿದದ್ದನ್ನು ದನಗಳ ತೊಟ್ಟಿಗೆ ಬಿಟ್ಟೆವು. ದುಡ್ಡು ತಗೊಳ್ಳಿ ಅಂದರೆ ಅವರು ಬೇಡ ಅಂತ ಕೈಯಾಡಿಸಿಬಿಟ್ಟರು.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ಕಾವೇರಿ ದಡದ ಜಾಕ್‌ವೆಲ್‌ನಿಂದ, ಅಂದರೆ ಹೊಳೆ ನೀರು ತುಂಬಿಕೊಳ್ಳುವ ದೊಡ್ಡ ಬಾವಿಯಿಂದ, ನೀರೆತ್ತುತ್ತೇವೆ. ಶುದ್ಧೀಕರಣ ಘಟಕದಲ್ಲಿ ತಿಳಿಯಾದ ನೀರು ಗುಡ್ಡದ ಮೇಲಿನ ದೊಡ್ಡ ಟ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಇಳಿಜಾರಿನಲ್ಲಿ ತಾನೇ ಹರಿದು ಊರಿನಿಂದ ಊರಿಗೆ ಹೋಗಬೇಕು. 10 ಮೀಟರ್ ಎತ್ತರ ಇದ್ದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ, ಅಷ್ಟೇ ಲೆಕ್ಕ. ಮೊದಲ ಊರುಗಳು ವಾಲ್ವ್ ಪೂರ್ತಿ ತೆರೆದುಕೊಂಡರೆ ಆ ಒತ್ತಡ ಅಲ್ಲೇ ಖರ್ಚಾಗಿಬಿಡುತ್ತದೆ. ಕೊನೆಯ ಊರಿನ ಟ್ಯಾಂಕಿಗೆ ನೀರು ಏರುವುದೇ ಇಲ್ಲ. ಟ್ರಯಲ್ ರನ್‌ನಲ್ಲಿ ಆಗಿದ್ದು ಹಾಗೆಯೇ. ಮೊದಲ ಊರುಗಳಲ್ಲಿ ಟ್ಯಾಂಕ್ ತುಂಬಿ ಮೇಲಿಂದ ಸುರಿಯುತ್ತಿತ್ತು, ಕೊನೆಯ ಊರುಗಳಲ್ಲಿ ಪೈಪಿನಿಂದ ಬರೀ ಗಾಳಿ.

ಪರಿಹಾರ ಸುಲಭ, ಹೇಳುವುದು ಕಷ್ಟ. ಮೊದಲ ಊರುಗಳ ವಾಲ್ವನ್ನು ಅಳತೆಗೆ ತಕ್ಕಷ್ಟೇ ತೆರೆದು ಅಲ್ಲಿಗೇ ನಿಲ್ಲಿಸಬೇಕು. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. 2,000 ಜನರ ಊರಿಗೆ 1 ಲಕ್ಷ 10 ಸಾವಿರ ಲೀಟರ್. ಅಷ್ಟು ಬಂದರೆ ಸಾಕು, ಉಳಿದದ್ದು ಮುಂದೆ ಹೋಗಲಿ. ಮಳೆ ಬಂದು, ಕಟ್ಟೆ ತುಂಬಿ, ನೀರು ಧಾರಾಳವಾಗಿ ಬರುತ್ತಿರುವಾಗ ಯಾಕೆ ಕಡಿಮೆ ತಗೋಬೇಕು ಅಂತ ಕೇಳಿದರೆ ನಮ್ಮ ಹತ್ತಿರ ಇದ್ದದ್ದು ಈ ಲೆಕ್ಕ ಮಾತ್ರ. ಅರಳಿಕಟ್ಟೆಯಲ್ಲಿ ಸಭೆ ಸೇರಿತು. ಜೋರು ಮಾತೇ ನಡೆಯಿತು. ಕೊನೆಗೆ ಒಬ್ಬರು ಯಜಮಾನರು ಎದ್ದು ಹೇಳಿದರು: "ನಾಲೆ ಕೊನೇಲಿ ಕುಂತು ನೀರಿಗೆ ಕಾಯೋದು ಅಂದ್ರೆ ಏನು ಅಂತ ನಮಗ್ಗೊತ್ತು ಕಣವ್ವ. ಇನ್ನೊಂದೂರ್ನ ಹಂಗೆ ಕಾಯಿಸ್ಬಾರ್ದು. ನೀನು ಎಷ್ಟಕ್ಕೆ ನಿಲ್ಲಿಸ್ಬೇಕೋ ನಿಲ್ಸು."

ಆಮೇಲೆ ಯಾರೂ ಮಾತಾಡಲಿಲ್ಲ. ಮಾರನೇ ದಿನ ವಾಲ್ವ್ ಅಳತೆಗೆ ನಿಲ್ಲಿಸಿದೆವು. ಆ ವಾಲ್ವ್ ಚೇಂಬರಿಗೆ ಯಾರೂ ಕೈ ಹಾಕಿಲ್ಲ. ಅಷ್ಟೇ ಅಲ್ಲ, ನಲ್ಲಿಗೆ ಮೋಟರ್ ಹಾಕಿ ನೀರೆಳೆಯುತ್ತಿದ್ದ ಮನೆಗಳಿಗೆ ಊರಿನ ಹುಡುಗರೇ ಹೋಗಿ ತೆಗೆಸಿದರು. ಮೋಟರ್ ಎಳೆದರೆ ಪಕ್ಕದ ಮನೆಗೆ ನೀರಿಲ್ಲ. ಎಲ್ಲಾದರೂ ಪೈಪ್ ಸೋರುತ್ತಿದ್ದರೆ ಚರಂಡಿ ನೀರೂ ಒಳಗೆ ಸೇರುತ್ತದೆ. ಅದನ್ನು ಅವರೇ ಮನೆ ಮನೆಗೆ ಹೇಳಿದರು. ನನ್ನ ಪ್ರಕಾರ ಈ ಯೋಜನೆ ಗೆದ್ದದ್ದು ಆ ವಾರದಲ್ಲಿ. ಪಂಪು, ಪೈಪು, ಟ್ಯಾಂಕು ದುಡ್ಡಿದ್ದರೆ ಕಟ್ಟಬಹುದು. ಮೇಲಿನ ಊರಿನವರೇ, ಕೆಳಗಿನ ಊರಿನ ತಾಯಂದಿರ ಪರವಾಗಿ ನಿಮಗೆ ಕೈ ಮುಗಿಯುತ್ತೇನೆ.

ಶುದ್ಧೀಕರಣ ಘಟಕದ ಆಪರೇಟರುಗಳನ್ನು ಮರೆಯುವ ಹಾಗಿಲ್ಲ. ಹೊಳೆ ಕೆಂಪಾಗಿ ಬರುವ ಮಳೆಗಾಲದಲ್ಲಿ ಅವರಿಗೆ ನಿದ್ದೆಯಿಲ್ಲ. ಗಾಜಿನ ಜಾಡಿಗಳಲ್ಲಿ ನೀರಿಟ್ಟು, ಎಷ್ಟು ಆಲಂ (ಪಟಿಕ) ಹಾಕಿದರೆ ಮಣ್ಣು ಸರಿಯಾಗಿ ಕೆಳಗೆ ಕೂರುತ್ತದೆ ಅಂತ ಮತ್ತೆ ಮತ್ತೆ ನೋಡುತ್ತಾರೆ. ಆಮೇಲೆ ಮರಳಿನ ಫಿಲ್ಟರ್, ಆಮೇಲೆ ಕ್ಲೋರಿನ್. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. 'ನೀರು ವಾಸನೆ ಬರ್ತದೆ' ಅಂದವರಿಗೆಲ್ಲ ಅವರು ಬೇಸರವಿಲ್ಲದೆ ವಿವರಿಸಿದ್ದಾರೆ. ಪಾತ್ರೆಗೆ ಬಿಳಿ ಪೊರೆ ಕಟ್ಟುವ ಗಡಸು ನೀರು ಕುಡಿದವರಿಗೆ ಹೊಳೆ ನೀರಿನ ರುಚಿಗೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು, ಅಲ್ವಾ?

ಕರೆಂಟ್ ಹೋದಾಗ ರಾತ್ರಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗಳಿಗೂ ನಮಸ್ಕಾರ. ಪಂಪ್ ಒಮ್ಮೆಲೇ ನಿಂತರೆ ಮೇಲೇರುತ್ತಿದ್ದ ನೀರು ಹಿಂದಕ್ಕೆ ನುಗ್ಗಿ ಪೈಪಿಗೆ ಗುದ್ದುತ್ತದೆ. ಅದನ್ನು ತಡೆಯುವ ವಾಲ್ವ್‌ಗಳಿವೆ. ಆದರೂ ಅವರು ಕರೆಂಟ್ ತೆಗೆಯುವ ಮುಂಚೆ ಪ್ರತಿ ಸಲ ಫೋನ್ ಮಾಡಿ ತಿಳಿಸುತ್ತಿದ್ದದ್ದು ನಮಗೆ ದೊಡ್ಡ ಉಪಕಾರ.

ನನ್ನ ಮಗಳನ್ನು ನೋಡಿಕೊಂಡ ಅಮ್ಮನಿಗೆ, ಪೈಪಿನೊಳಗಿನ ಗಾಳಿ ಹೊರಬಿಡುವ ಏರ್ ವಾಲ್ವ್ ಎಲ್ಲಿಡಬೇಕು ಅಂತ ದಿಬ್ಬ ದಿಬ್ಬ ಹತ್ತಿಸಿ ಕಲಿಸಿದ ನಮ್ಮ ಹಿರಿಯ ಎಂಜಿನಿಯರ್ ಸರ್‌ಗೆ, ನಾನು ಪ್ರತ್ಯೇಕವಾಗಿ ಹೇಳಿದ್ದೇನೆ.

ಇನ್ನು ನೀರುಗಂಟಿಗಳು. ಇಷ್ಟು ದಿನ ನಾವು ಮಾಡಿದ್ದನ್ನು ಇನ್ನು ಮುಂದೆ ದಿನಾ ನಡೆಸುವವರು ಅವರೇ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ವಾಲ್ವ್ ತಿರುಗಿಸಬೇಕು, ಬೀದಿ ಬೀದಿಯ ಬೈಗುಳ ಕೇಳಬೇಕು. ಅವರ ಸಂಬಳ ಪಂಚಾಯಿತಿಯಿಂದ ತಿಂಗಳು ತಿಂಗಳಿಗೆ ಸರಿಯಾಗಿ ಸಿಗಲಿ. ನೀರಿನ ಕಂದಾಯವನ್ನು ದಯವಿಟ್ಟು ಎಲ್ಲರೂ ಕಟ್ಟಿ. ಸೋರಿಕೆ ಕಂಡರೆ ಮೊದಲು ಅವರಿಗೆ ತಿಳಿಸಿ. ನಿರ್ವಹಣೆಯ ಅವಧಿ ಮುಗಿಯುವವರೆಗೆ ನಾವೂ ಇಲ್ಲೇ ಇರುತ್ತೇವೆ.

ಕೊನೆಯದಾಗಿ, ಬಂಡೆ ಒಡೆದು ಕಾಲುವೆ ತೋಡಿ ಪೈಪ್ ಜೋಡಿಸಿದ ಯಾದಗಿರಿ, ರಾಯಚೂರು ಕಡೆಯ ನಮ್ಮ ಗ್ಯಾಂಗಿನವರಿಗೆ. ನೀರು ಬರುವ ಮೊದಲೇ ನೀವು ಬೇರೆ ಸೈಟಿಗೆ ಹೋದಿರಿ. ನಿಮ್ಮಲ್ಲಿ ಕೆಲವರ ನಂಬರ್ ಬದಲಾಗಿದೆ, ಸಿಗುತ್ತಿಲ್ಲ. ಇದನ್ನು ನೋಡಿದವರು ಮೇಸ್ತ್ರಿಗೆ ತಿಳಿಸಿ. ಕೊನೆಯ ಊರಿನವರು ಈ ಸಲದ ಮಾರಿಹಬ್ಬಕ್ಕೆ ನಿಮ್ಮನ್ನೆಲ್ಲ ಊಟಕ್ಕೆ ಕರೆದಿದ್ದಾರೆ. ಬಸ್ ಚಾರ್ಜೂ ಅವರೇ ಕೊಡುತ್ತಾರಂತೆ. ಹೆಂಡತಿ ಮಕ್ಕಳ ಜೊತೆ ಬನ್ನಿ.