ಇಂಟರ್ನೆಟ್ ನಿಯಮ ಅಪಾರ್ಟ್‌ಮೆಂಟ್ ಗೇಟಿನ ಒಳಗೂ ಬರಲಿ

ಮಾನ್ಯ ಸಂಪಾದಕರೇ,

ನೆಟ್ ನ್ಯೂಟ್ರಾಲಿಟಿ, ಅಂದರೆ ಇಂಟರ್ನೆಟ್ ಕಂಪನಿ ಎಲ್ಲ ತಾಣಗಳನ್ನೂ ಸಮನಾಗಿ ಕಾಣಬೇಕು ಅನ್ನುವ ವಿಷಯ, ಆಗಾಗ ಸುದ್ದಿಗೆ ಬರುತ್ತಲೇ ಇರುತ್ತದೆ. ಹೆಚ್ಚು ಡೇಟಾ ಓಡಿಸುವ ದೊಡ್ಡ ವಿಡಿಯೊ ಕಂಪನಿಗಳು ನೆಟ್‌ವರ್ಕ್ ಖರ್ಚಿನಲ್ಲಿ ಪಾಲು ಕೊಡಬೇಕು ಅನ್ನುವುದು ಟೆಲಿಕಾಂ ಕಂಪನಿಗಳ ವಾದ. ಆ ಡೇಟಾಕ್ಕೆ ಬಳಕೆದಾರರು ಈಗಾಗಲೇ ದುಡ್ಡು ಕಟ್ಟಿದ್ದಾರಲ್ಲ ಅನ್ನುವುದು ಎದುರಿನವರ ವಾದ. ಆ ಚರ್ಚೆ ನಡೆಯಲೇಬೇಕು. ಆದರೆ ಬೆಂಗಳೂರಿನಲ್ಲಿ ನಮ್ಮಂಥವರ ಇಂಟರ್ನೆಟ್ ಮೇಲೆ ಹಿಡಿತ ಇಟ್ಟುಕೊಂಡಿರುವ ಇನ್ನೊಂದು ಜಾಗವಿದೆ. ಅದು ಅಪಾರ್ಟ್‌ಮೆಂಟಿನ ಗೇಟು.

ನಾನು ಟೆಲಿಫೋನ್ ಇಲಾಖೆಗೆ ಮೆಕ್ಯಾನಿಕ್ ಆಗಿ ಸೇರಿ, 2020ರಲ್ಲಿ ಬಿಎಸ್‌ಎನ್‌ಎಲ್‌ನಿಂದ ವಿಆರ್‌ಎಸ್ ತೆಗೆದುಕೊಂಡವನು. ಈಗ ಕನಕಪುರ ರಸ್ತೆ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಇದ್ದೇನೆ. ಇಲ್ಲಿ ಒಂದೇ ಕಂಪನಿಯ ಇಂಟರ್ನೆಟ್. ಬೇರೆಯವರಿಗೆ ಪ್ರವೇಶವಿಲ್ಲ. ಗೇಟಿನ ಎದುರಿನ ಕಂಬದಲ್ಲೇ ಇನ್ನೂ ಮೂರ್ನಾಲ್ಕು ಕಂಪನಿಗಳ ಫೈಬರ್ ಹಾದುಹೋಗಿದೆ. ಕಂಬದಿಂದ ನಮ್ಮ ಕಟ್ಟಡದ ಕೇಬಲ್ ಶಾಫ್ಟ್‌ಗೆ ಎಳೆಯುವುದು ಒಂದು ಮಧ್ಯಾಹ್ನದ ಕೆಲಸ. ಆದರೂ ನಮ್ಮ ಪಾಲಿಗೆ ಅವು ಇಲ್ಲದಂತೆಯೇ.

ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬರು ಸಂಗೀತದ ಟೀಚರ್ ಇದ್ದಾರೆ. ಅಮೆರಿಕದಲ್ಲಿರುವ ಕನ್ನಡದ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುತ್ತಾರೆ. ಬೆಳಿಗ್ಗೆಯ ಪಾಠ ಹೇಗೋ ನಡೆಯುತ್ತದೆ. ರಾತ್ರಿ ಎಂಟರ ನಂತರದ ಪಾಠ ಮಾತ್ರ ಗೋಳು. ಇವರು ಸರಳೆ ಹಾಡಿದರೆ ಆ ಕಡೆ ಮಗುವಿಗೆ ಅರ್ಧ ಕೇಳಿಸುತ್ತದೆ. ತಾಳ ತಪ್ಪುತ್ತದೆ. ಫೀಸು ಕೊಡುವ ಪೋಷಕರಿಗೆ ಇವರೇ ಉತ್ತರ ಹೇಳಬೇಕು. ಕೊನೆಗೆ ಟೀಚರ್ ಬೇರೊಂದು ಕಂಪನಿಗೆ ಅಡ್ವಾನ್ಸ್ ಕಟ್ಟಿದರು. ಕೇಬಲ್ ಸುರುಳಿ ಹೊತ್ತು ಬಂದ ಹುಡುಗನನ್ನು ಸೆಕ್ಯೂರಿಟಿಯವರು ಗೇಟಿನಿಂದಲೇ ವಾಪಸ್ ಕಳಿಸಿದರು.

ನಾನು ಅಸೋಸಿಯೇಷನ್ ಸೆಕ್ರೆಟರಿ ಹತ್ತಿರ ಹೋಗಿ ಕೇಳಿದೆ. ಅವರು ಒಳ್ಳೆಯವರೇ. ‘ಬಿಲ್ಡರ್ ಕಾಲದಲ್ಲೇ ಒಪ್ಪಂದ ಆಗಿದೆ ಸಾರ್. ಸಿಸಿಟಿವಿಗೆ, ಕ್ಲಬ್ ಹೌಸ್‌ಗೆ ಆ ಕಂಪನಿ ಪುಕ್ಕಟೆ ಕನೆಕ್ಷನ್ ಕೊಟ್ಟಿದೆ. ಬೇರೆಯವರನ್ನು ಬಿಟ್ಟರೆ ಅದು ನಿಲ್ಲುತ್ತದೆ. ಒಂದಾದರೂ ಚೆನ್ನಾಗಿ ಬಂದಿದೆಯಲ್ಲ’ ಅಂದರು. ಒಪ್ಪಂದದ ಪ್ರತಿ ತೋರಿಸಿ ಅಂದೆ. ತಮ್ಮ ಹತ್ತಿರ ಇಲ್ಲ ಅಂದರು.

‘ಒಂದಾದರೂ ಬಂದಿದೆಯಲ್ಲ’ ಅನ್ನುವ ಮಾತನ್ನು ಈ ದೇಶ ಮೊದಲೂ ಕೇಳಿದೆ. 2015ರಲ್ಲಿ ಫೇಸ್‌ಬುಕ್ ಕಂಪನಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಸೇರಿ ಇಂಟರ್ನೆಟ್ ಡಾಟ್ ಆರ್ಗ್ ತಂದಿತು. ಆಮೇಲೆ ಅದಕ್ಕೆ ಫ್ರೀ ಬೇಸಿಕ್ಸ್ ಅಂತ ಹೆಸರಿಟ್ಟರು. ಆಯ್ದ ಕೆಲವು ತಾಣಗಳು ಮಾತ್ರ ಪುಕ್ಕಟೆ. ಬಡವರಿಗೆ ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಸಿಗಲಿ ಎಂದು ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಬಂದವು. ಜನ ಒಪ್ಪಲಿಲ್ಲ. ಅದೇ ವರ್ಷ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಇಂಟರ್ನೆಟ್ ಸೇವೆಗಳ ನಿಯಂತ್ರಣದ ಬಗ್ಗೆ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಜನರ ಸಿಟ್ಟು ಕಂಡು ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಂಪನಿಯೇ, ಬಳಕೆದಾರರ ಡೇಟಾ ದುಡ್ಡನ್ನು ಆ್ಯಪ್ ಕಂಪನಿಗಳು ಕೊಡುವ ಏರ್‌ಟೆಲ್ ಝೀರೋ ಯೋಜನೆಯಿಂದ ಹಿಂದೆ ಸರಿಯಿತು. 2016ರ ಫೆಬ್ರವರಿ 8ರಂದು ಟ್ರಾಯ್ ಆದೇಶ ಹೊರಡಿಸಿತು: ಯಾವ ತಾಣ ನೋಡುತ್ತೀರಿ ಅನ್ನುವುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಹಾಕುವಂತಿಲ್ಲ. ತಪ್ಪಿದರೆ ದಿನಕ್ಕೆ 50 ಸಾವಿರ ರೂಪಾಯಿ ದಂಡ. 2018ರಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ಷರತ್ತುಗಳಲ್ಲೇ ಇನ್ನಷ್ಟು ಸೇರಿಸಿತು. ಯಾವ ತಾಣವನ್ನೂ ತಡೆಯುವಂತಿಲ್ಲ, ನಿಧಾನ ಮಾಡುವಂತಿಲ್ಲ, ಒಬ್ಬರಿಗೆ ಮಾತ್ರ ವಿಶೇಷ ವೇಗ ಕೊಡುವಂತಿಲ್ಲ. ಈ ವಿಷಯದಲ್ಲಿ ನನಗೆ ನಮ್ಮ ದೇಶದ ಬಗ್ಗೆ ನಿಜಕ್ಕೂ ಹೆಮ್ಮೆ ಇದೆ. ಅಮೆರಿಕದಲ್ಲಿ ಇದೇ ನಿಯಮ 2015ರಲ್ಲಿ ಬಂತು, 2017ರಲ್ಲಿ ಹೋಯಿತು, 2024ರಲ್ಲಿ ಮತ್ತೆ ಬಂತು, 2025ರ ಜನವರಿಯಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ನಮ್ಮಲ್ಲಿ ನಿಯಮ ಗಟ್ಟಿಯಾಗಿ ನಿಂತಿದೆ.

ಆದರೆ ನಮ್ಮ ಕಟ್ಟಡದೊಳಗೆ ಏನಾಗುತ್ತಿದೆ ನೋಡಿ. ಕೆಲಸ ಗೊತ್ತಿರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇಸ್‌ಮೆಂಟ್‌ಗೆ ಬರುವ ಒಂದು ಫೈಬರ್ ಎಳೆಯನ್ನು ಸ್ಪ್ಲಿಟರ್ ಹಾಕಿ 32 ಅಥವಾ 64 ಮನೆಗಳಿಗೆ ಹಂಚುವುದು ರೂಢಿ. ಹೀಗೆ ಹಂಚಲು ಸಾಮಾನ್ಯವಾಗಿ ಬಳಸುವ ಜಿಪಾನ್ ಅನ್ನುವ ವ್ಯವಸ್ಥೆಯಲ್ಲಿ ಅಷ್ಟೂ ಮನೆಗಳಿಗೆ ಸೇರಿ ಡೌನ್‌ಲೋಡ್ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್ ಅದರ ಅರ್ಧ. ಸರಿಯಾಗಿ ನಡೆಸಿದರೆ ಇಷ್ಟು ಸಾಕು. ತೊಂದರೆ ಸಾಮಾನ್ಯವಾಗಿ ಅದರ ಹಿಂದೆ ಇರುತ್ತದೆ. ಕಂಪನಿ ಹೊರಗಿನಿಂದ ಎಷ್ಟು ಬ್ಯಾಂಡ್‌ವಿಡ್ತ್ ತಂದಿದೆ ಅನ್ನುವುದೇ ಮುಖ್ಯ. ಅದನ್ನು ಜಾಸ್ತಿ ಮಾಡಲು ಖರ್ಚಿದೆ. ಗಿರಾಕಿ ಕೈಬಿಟ್ಟು ಹೋಗುತ್ತಾನೆ ಅನ್ನುವ ಭಯ ಇದ್ದರೆ ಆ ಖರ್ಚು ಮಾಡುತ್ತಾರೆ. ಹೋಗಲು ದಾರಿಯೇ ಇಲ್ಲದ ಗಿರಾಕಿಗೆ ಯಾಕೆ ಮಾಡುತ್ತಾರೆ?

ರಾತ್ರಿ ಸಂಗೀತ ಪಾಠ ಮುಗ್ಗರಿಸುವ ಹೊತ್ತಿನಲ್ಲೇ ಅದೇ ಕಂಪನಿಯ ಟಿವಿ ಬಾಕ್ಸ್ ಮಾತ್ರ ಸಲೀಸಾಗಿ ಓಡುತ್ತದೆ. ಟಿವಿಗೆ ಪ್ರತ್ಯೇಕ ದಾರಿ ಇಡುವುದು ತಪ್ಪಲ್ಲ. 2018ರ ನಿಯಮದಲ್ಲಿ ಇಂಥ ವಿಶೇಷ ಸೇವೆಗಳಿಗೆ ವಿನಾಯಿತಿ ಇದೆ. ಆದರೆ ಅದರಿಂದ ಸಾಮಾನ್ಯ ಇಂಟರ್ನೆಟ್‌ನ ಗುಣಮಟ್ಟ ಕೆಡಬಾರದು ಅನ್ನುವ ಷರತ್ತೂ ಇದೆ. ಕೆಡುತ್ತಿದೆಯೋ ಇಲ್ಲವೋ ಎಂದು ನಮ್ಮ ಮನೆಯಲ್ಲಿ ಬಂದು ಅಳೆಯುವವರು ಯಾರು? ಇನ್ನೊಂದು ಕಂಪನಿಯ ಲೈನ್ ಇದ್ದರೆ ಹೋಲಿಸಿಯಾದರೂ ನೋಡಬಹುದಿತ್ತು, ಅಲ್ವಾ?

ನಾನು ಕೆಲಸಕ್ಕೆ ಸೇರಿದಾಗ ಕರೆಗಳನ್ನು ಯಂತ್ರದಿಂದಲೇ ಜೋಡಿಸುವ ಹಳೆಯ ಸ್ಟ್ರೋಜರ್ ಎಕ್ಸ್‌ಚೇಂಜ್‌ಗಳು ಇನ್ನೂ ಟಕಟಕ ಸದ್ದು ಮಾಡುತ್ತಿದ್ದವು. ನಮ್ಮ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲೇ ಅವು ತಯಾರಾಗುತ್ತಿದ್ದವು. ಆಲ್ಮನ್ ಸ್ಟ್ರೋಜರ್ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರ ನಡೆಸುತ್ತಿದ್ದವನು. ಆಗ ಪ್ರತಿ ಕರೆಯನ್ನೂ ಆಪರೇಟರ್ ಕೈಯಿಂದ ಜೋಡಿಸಬೇಕಿತ್ತು. ತನಗೆ ಬರುವ ಕರೆಗಳನ್ನು ಆಪರೇಟರ್ ಎದುರಾಳಿ ವ್ಯಾಪಾರಿಗೆ ತಿರುಗಿಸುತ್ತಿದ್ದಾಳೆ ಅನ್ನುವ ಅನುಮಾನ ಅವನಿಗೆ ಬಂತಂತೆ. ಆಪರೇಟರ್ ಇಲ್ಲದೆ ಕರೆ ಜೋಡಿಸುವ ಯಂತ್ರ ಕಂಡುಹಿಡಿದು 1891ರಲ್ಲಿ ಪೇಟೆಂಟ್ ಪಡೆದ. ನಮ್ಮ ವೃತ್ತಿಯ ಬುಡದಲ್ಲೇ ಈ ಸಂಗತಿ ಇದೆ. ಮಧ್ಯದಲ್ಲಿ ಕೂತವರು ಕರೆಯ ದಾರಿ ತಿರುಗಿಸಬಾರದು. ನಮ್ಮ ಕಾಲದಲ್ಲಿ ಒಂದು ಫೋನಿಗೆ ಜನ ವರ್ಷಗಟ್ಟಲೆ ಕಾದರು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಲೈನ್ ಬಂದ ಮೇಲೆ ನೀವು ಯಾರಿಗೆ ಫೋನ್ ಮಾಡುತ್ತೀರಿ ಎಂದು ನೋಡಿ ನಾವು ಯಾರನ್ನೂ ಬೇರೆ ಮಾಡಲಿಲ್ಲ.

ಗೇಟಿನ ಈ ಸಮಸ್ಯೆ ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಕಟ್ಟಡಗಳ ಒಳಗೆ ಸೇವೆ ಕೊಡುವ ಬಗ್ಗೆ ಟ್ರಾಯ್ 2017ರ ಜನವರಿಯಲ್ಲೇ ಶಿಫಾರಸು ಮಾಡಿದೆ. ವಸತಿ ಸಮುಚ್ಚಯಗಳಲ್ಲೂ ಡಕ್ಟ್ (ಕೇಬಲ್ ಹಾಯುವ ಕೊಳವೆ), ಕೇಬಲ್‌ಗಳನ್ನು ಕಂಪನಿಗಳು ಹಂಚಿಕೊಳ್ಳಬೇಕು, ಬೇರೆಯವರನ್ನು ಹೊರಗಿಡುವ ಒಪ್ಪಂದಗಳನ್ನು ನಿಷೇಧಿಸಬೇಕು ಎಂದು ಅದರಲ್ಲಿದೆ. ನಮ್ಮ ಗೇಟಿನಲ್ಲಿ ಅದರ ಸುಳಿವೇ ಇಲ್ಲ. 2023ರ ದೂರಸಂಪರ್ಕ ಕಾಯ್ದೆ ಸರ್ಕಾರಿ ಜಾಗದಲ್ಲಿ ಕೇಬಲ್ ಎಳೆಯಲು ಎಲ್ಲರಿಗೂ ಸಮಾನ ಅವಕಾಶ ಇರಬೇಕು ಅನ್ನುತ್ತದೆ. ಖಾಸಗಿ ಜಾಗದ ಮಾತು ಬಂದರೆ ಮುಖ್ಯವಾಗಿ ಮಾಲೀಕರ ಜೊತೆಗಿನ ಒಪ್ಪಂದ ಅಂತ ಬಿಡುತ್ತದೆ. ಅಮೆರಿಕದಲ್ಲಿ ಉಳಿದ ವಿಷಯ ಏನೇ ಇರಲಿ, ಅಪಾರ್ಟ್‌ಮೆಂಟ್ ಮಾಲೀಕರಿಗೆ ಒಂದೇ ಕಂಪನಿ ವರಮಾನದ ಪಾಲು ಕೊಡುವ ಒಪ್ಪಂದಗಳನ್ನು 2022ರಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ನಿಷೇಧಿಸಿತು.

ಕಂಪನಿಗಳಿಗೂ ಒಂದು ನ್ಯಾಯ ಇದೆ. ಕಟ್ಟಡಕ್ಕೆಲ್ಲ ಕೇಬಲ್ ಹಾಕಲು ಮೊದಲೇ ದುಡ್ಡು ಸುರಿಯಬೇಕು. ಮನೆಗಳೇ ತುಂಬದ ಹೊಸ ಕಟ್ಟಡಕ್ಕೆ ಯಾರೂ ಸುಮ್ನೆ ಬರುವುದಿಲ್ಲ. ಎಲ್ಲರನ್ನೂ ಒಳಗೆ ಬಿಟ್ಟರೆ ರಸ್ತೆಯ ಮರಗಳಿಗೆ ಜೋತುಬಿದ್ದ ಕೇಬಲ್ ಗೋಜಲು ನಮ್ಮ ಶಾಫ್ಟ್‌ನಲ್ಲೂ ಆಗುತ್ತದೆ ಅನ್ನುವ ಸೆಕ್ರೆಟರಿಯವರ ಭಯವೂ ಸುಳ್ಳಲ್ಲ. ಇದಕ್ಕೆ ದಾರಿ ಇದೆ. ಕಟ್ಟಡದ ಒಳಗಿನ ಫೈಬರ್ ನಿವಾಸಿಗಳ ಸ್ವತ್ತಾಗಿರಲಿ. ಬೇಸ್‌ಮೆಂಟ್‌ನಲ್ಲಿ ಒಂದು ಸಾಮಾನ್ಯ ಪೆಟ್ಟಿಗೆ ಇರಲಿ. ಯಾವ ಕಂಪನಿ ಬಂದರೂ ಅಲ್ಲಿಯ ತನಕ ತನ್ನ ಎಳೆ ತಂದು ಜೋಡಿಸಲಿ. ಈಗಾಗಲೇ ದುಡ್ಡು ಹಾಕಿದ ಕಂಪನಿಗೆ ಬಾಡಿಗೆ ಕೊಡೋಣ.

ದೂರಸಂಪರ್ಕ ಇಲಾಖೆ ಟ್ರಾಯ್‌ನ 2017ರ ಮಾತನ್ನು ಪ್ರತಿ ಗೇಟಿನಲ್ಲೂ ಜಾರಿ ಮಾಡಲಿ. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿಯ ಪಾಲಿಕೆಗಳು ಹೊಸ ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವಾಗ ಸಾಮಾನ್ಯ ಡಕ್ಟ್ ಇದೆಯೇ ಎಂದು ನೋಡಲಿ. ಟ್ರಾಯ್ 2024ರಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಸ್ಟಾರ್ ರೇಟಿಂಗ್ ಕೊಡುವ ನಿಯಮ ತಂದಿದೆ. ಫ್ಲ್ಯಾಟ್ ಕೊಳ್ಳುವವರು ಬಿಲ್ಡರ್‌ಗೆ ಅದನ್ನೂ ಕೇಳಲಿ.

ಅಪಾರ್ಟ್‌ಮೆಂಟಿನಲ್ಲಿರುವ ಓದುಗರು ಮುಂದಿನ ಜನರಲ್ ಬಾಡಿ ಮೀಟಿಂಗಿಗೆ ಮೊದಲೇ ಲಿಖಿತವಾಗಿ ಒಪ್ಪಂದದ ಪ್ರತಿ ಕೇಳಿ. ಅವಧಿ ಯಾವಾಗ ಮುಗಿಯುತ್ತದೆ, ತಾನಾಗಿಯೇ ಮುಂದುವರಿಯುವ ಷರತ್ತು ಇದೆಯೇ, ಅಸೋಸಿಯೇಷನ್‌ಗೆ ಅಥವಾ ಬಿಲ್ಡರ್‌ಗೆ ಎಷ್ಟು ಪಾಲು ಹೋಗುತ್ತಿದೆ, ಇಷ್ಟನ್ನು ನೋಡಿ. ನಾನು ನಮ್ಮ ಕಟ್ಟಡದಲ್ಲಿ ಕೇಳಿ ಪತ್ರ ಕೊಟ್ಟಿದ್ದೇನೆ. ಸಂಗೀತದ ಟೀಚರ್ ಕೂಡ ಸಹಿ ಹಾಕಿದ್ದಾರೆ.

ಇಂತಿ,
ಒಬ್ಬ ನಿವೃತ್ತ ಟೆಲಿಫೋನ್ ಮೆಕ್ಯಾನಿಕ್
ಕನಕಪುರ ರಸ್ತೆ, ಬೆಂಗಳೂರು