ತುಮಕೂರಿನ ಶಾಸಕರಿಗೊಂದು ಪತ್ರ: ಕೌಂಟರಿಗೆ ಒಂದು ಪರದೆ ಇಡಿಸಿ

ಮಾನ್ಯ ಶಾಸಕರೇ,

ನಮಸ್ಕಾರ. ಒಂಬತ್ತನೇ ವಯಸ್ಸಿನಲ್ಲಿ ಮಿದುಳು ಜ್ವರ ಬಂದು ನನ್ನ ಎರಡೂ ಕಿವಿ ಹೋದವು. ಈಗ ನನಗೆ ನಲವತ್ತೊಂದು. ಇಷ್ಟು ವರ್ಷ ಜನರ ತುಟಿ ನೋಡಿಕೊಂಡೇ ಬದುಕು ಸಾಗಿಸಿದ್ದೇನೆ, ಯಾರಿಗೂ ದೂರು ಬರೆದವಳಲ್ಲ. ಹೋದ ವಾರದ ಘಟನೆ ಆದಮೇಲೆ ತಡೆಯಲಾಗಲಿಲ್ಲ.

ಊರಿನ ಒಂದು ಸರ್ಕಾರಿ ಕಚೇರಿ, ಹೆಸರು ಬೇಡ. ನನ್ನ ಹೆಸರು ಕೂಗಿದ್ದಾರೆ, ನನಗೆ ಗೊತ್ತಾಗಿಲ್ಲ, ಎರಡು ಸಲ ಸರದಿ ತಪ್ಪಿತು. ಕೊನೆಗೆ ಕೌಂಟರ್ ಮುಂದೆ ನಿಂತರೆ ಅಲ್ಲಿದ್ದವರು ಕಂಪ್ಯೂಟರ್ ನೋಡಿಕೊಂಡೇ, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಏನೋ ಕೇಳಿದರು. ತುಟಿಯಲ್ಲಿ ನನಗೆ ಕಂಡದ್ದು 'ತಂದೆ ಇದಾರಾ?' 'ಇಲ್ಲ ಸರ್, ತೀರಿಕೊಂಡು ಆರು ವರ್ಷ ಆಯ್ತು' ಅಂದೆ. ಸಾಲಿನವರೆಲ್ಲ ನಕ್ಕರು. (ನಗು ಕಾಣಿಸುತ್ತೆ, ಅದಕ್ಕೆ ಕಿವಿ ಬೇಡ.) ಅವರು ಕೇಳಿದ್ದು 'ತಂದಿದೀರಾ?' ಅಂತ. ಕಾಗದ ನನ್ನ ಬ್ಯಾಗಿನಲ್ಲೇ ಇತ್ತು.

ತುಟಿ ಓದೋದು ಅಂದರೆ ಇಷ್ಟೇ ಸ್ವಾಮಿ. ಕನ್ನಡಿ ಮುಂದೆ ನಿಂತು ದನಿ ಬಿಡದೆ 'ಪರ, ಬರ, ಮರ' ಅಂತ ಹೇಳಿ ನೋಡಿ, ಮೂರೂ ಒಂದೇ ಥರ ಕಾಣುತ್ತೆ.

ಆಮೇಲೆ ಫೋನ್ ತೆಗೆದೆ. ಎದುರಿನವರು ಮಾತಾಡಿದ್ದನ್ನು ಆಗಿಂದಾಗಲೇ ಕನ್ನಡ ಅಕ್ಷರದಲ್ಲಿ ತೋರಿಸುವ ಆ್ಯಪ್ ಅದು. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್, 2019ರಲ್ಲೇ ಬಂದಿದೆ, ದುಡ್ಡೇನೂ ಕೊಡಬೇಕಿಲ್ಲ. 'ಏಯ್, ವಿಡಿಯೋ ಮಾಡ್ತಿದೀಯಾ? ಒಳಗಿಡು' ಅಂತ ಎದ್ದು ನಿಂತರು. ತಮಾಷೆ ಏನು ಗೊತ್ತಾ, ಬೈದದ್ದನ್ನು ಫೋನ್ ಒಂದಕ್ಷರ ತಪ್ಪಿಲ್ಲದೆ ಬರೆಯಿತು!

ನಾನು ಕೇಳೋದು ಇಷ್ಟೇ. ಕೌಂಟರಿಗೆ ಒಂದು ಪರದೆ ಇಡಿಸಿ. ಸಿಬ್ಬಂದಿ ಬಾಯಿ ಹತ್ತಿರ ಒಂದು ಮೈಕ್, ಅವರ ಮಾತು ಅಕ್ಷರವಾಗಿ ಕಾಣೋಕೆ ನಮ್ಮ ಕಡೆಗೆ ಒಂದು ಸಣ್ಣ ಟ್ಯಾಬ್. ಗಲಾಟೆ ಜಾಸ್ತಿ ಇರುವ ಜಾಗದಲ್ಲಿ ದೂರದ ಫೋನ್ ತಪ್ಪು ಬರೆಯುತ್ತೆ, ಮೈಕ್ ಹತ್ತಿರ ಇದ್ದರೆ ಎಷ್ಟೋ ವಾಸಿ. ಕೇಂದ್ರ ಸರ್ಕಾರದ್ದೇ ಭಾಷಿಣಿ ಅಂತ ಒಂದು ಭಾಷಾ ತಂತ್ರಜ್ಞಾನ ವ್ಯವಸ್ಥೆ ಇದೆ, 2022ರಿಂದ, ಅದರಲ್ಲೂ ಕನ್ನಡದ ಮಾತು ಅಕ್ಷರವಾಗುತ್ತೆ. ಹುಟ್ಟಿನಿಂದ ಕಿವಿ ಕೇಳದ ಎಷ್ಟೋ ಜನರಿಗೆ ಸನ್ನೆ ಭಾಷೆಯೇ ಮಾತೃಭಾಷೆ, ಅವರಿಗೆ ಅಕ್ಷರ ಸಾಲದು, ಸನ್ನೆ ಬಲ್ಲವರೇ ಬೇಕು. ಅದೂ ಆಗಬೇಕು. ಆದರೆ ಪರದೆಯನ್ನು ನಾಳೆಯೇ ಇಡಬಹುದು, ಅಲ್ವಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿಮಗೆ ನಾನು ಓದಿ ಹೇಳಬೇಕಿಲ್ಲ. ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ್ದೂ ಅದೇ ವರ್ಷ. ಸರ್ಕಲ್ಲುಗಳಲ್ಲಿ ದೊಡ್ಡ ದೊಡ್ಡ ಪರದೆ ಮೇಲೆ ನಿಮ್ಮ ಹುಟ್ಟುಹಬ್ಬದ ಶುಭಾಶಯ ನೋಡಿದ್ದೇನೆ, ಚೆನ್ನಾಗಿ ಕಾಣುತ್ತೆ, ನನಗೂ ಓದಲು ಬಂತು. ಅದರ ಮೂಲೆಯಷ್ಟು ದೊಡ್ಡದು ಸಾಕು ನಮಗೆ. ಕೌಂಟರಿಗೆ ಒಂದು ಪರದೆ ಇಡಿಸಿ.

ಸೋಮವಾರ ಅದೇ ಕಾಗದ ಹಿಡಿದು ಮತ್ತೆ ಹೋಗಬೇಕು. ಅಷ್ಟರಲ್ಲಿ ಪರದೆ ಬರಲ್ಲ, ಗೊತ್ತು. ಫೋನ್ ಹೊರಗೆ ತೆಗೆಯಲಿಕ್ಕಾದರೂ ಬಿಡಿ ಅಂತ ಅವರಿಗೊಂದು ಮಾತು ಹೇಳಿ.

ಇಂತಿ,
ಶಿರಾ ಗೇಟ್ ಕಡೆಯ ನಿಮ್ಮೊಬ್ಬ ಮತದಾರಳು