ಟೆಂಡರಿನಲ್ಲಿ ಡ್ರೈವರ್ ವಿಷಯವೂ ಇರಲಿ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತ ಮೇಲೆ, ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಳ್ಳಿ ಅನ್ನುವ ಸಲಹೆ ಎಲ್ಲ ಕಡೆ ಕೇಳಿಬರುತ್ತಿದೆ. ಒಳ್ಳೆಯ ಸಲಹೆಯೇ. ರಿಪೇರಿಗೆ ಬಂದವರಿಗೆ ನಾನೂ ಅದನ್ನೇ ಹೇಳುತ್ತೇನೆ, ಹಾಕಿಯೂ ಕೊಡುತ್ತೇನೆ. ಆಮೇಲೆ ಫೋನ್ ಬರುತ್ತದೆ: ಪ್ರಿಂಟರ್ ಯಾಕೆ ಓಡ್ತಿಲ್ಲ, ವೈಫೈ ಯಾಕೆ ಕಾಣಿಸ್ತಿಲ್ಲ ಅಂತ. ಬೈಗುಳವೆಲ್ಲ ಲಿನಕ್ಸಿಗೆ ಬೀಳುತ್ತದೆ. ಇದು ನ್ಯಾಯವಲ್ಲ. ತೊಂದರೆ ಇರುವುದು ಡ್ರೈವರಿನಲ್ಲಿ, ಅಂದರೆ ಪ್ರಿಂಟರ್, ವೈಫೈ ಚಿಪ್ಪುಗಳ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರಿನಲ್ಲಿ.

ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರನ್ನೇ ತೆಗೆದುಕೊಳ್ಳಿ. ಯಾವ ಊರಿನ ಡಿಟಿಪಿ ಅಂಗಡಿಗೆ ಹೋದರೂ ಕಾಣುವ ಯಂತ್ರ ಇದು. ಟೋನರ್ ರೀಫಿಲ್ ಮಾಡಿಸಿಕೊಂಡು ವರ್ಷಗಟ್ಟಲೆ ಓಡುತ್ತದೆ. ಇದಕ್ಕೆ ಪೋಸ್ಟ್‌ಸ್ಕ್ರಿಪ್ಟ್ ಗೊತ್ತಿಲ್ಲ, ಪಿಸಿಎಲ್ ಗೊತ್ತಿಲ್ಲ; ಇವೆರಡೂ ಪುಟ ಹೇಗಿರಬೇಕೆಂದು ಪ್ರಿಂಟರಿಗೆ ಹೇಳುವ ಭಾಷೆಗಳು. ಪುಟವನ್ನು ಚುಕ್ಕಿಗಳಾಗಿ ಮಾಡಿ, ಕಂಪನಿಯ ಸ್ವಂತದ್ದಾದ ಕ್ಯಾಪ್ಟ್ ಎಂಬ ಪ್ರೋಟೋಕಾಲಿನಲ್ಲಿ (ಸಂದೇಶ ಕಳಿಸುವ ರೀತಿಯಲ್ಲಿ) ಕಳಿಸುವ ಕೆಲಸವೆಲ್ಲ ಕಂಪ್ಯೂಟರಿನದು. ಕಂಪನಿ ಲಿನಕ್ಸಿಗೂ ಡ್ರೈವರ್ ಕೊಟ್ಟಿತ್ತು, ನಿಜ. ಆದರೆ ಅದರ ಮುಖ್ಯ ಭಾಗಗಳಿಗೆ ಸೋರ್ಸ್ ಕೋಡ್ (ಮನುಷ್ಯರು ಓದಿ ತಿದ್ದಬಹುದಾದ ಮೂಲ ಬರಹ) ಇಲ್ಲ, ಇಂಟೆಲ್ ಮಾದರಿಯ ಪ್ರೊಸೆಸರಿಗೆಂದೇ ಕಂಪೈಲ್ ಮಾಡಿದ, ಅಂದರೆ ಯಂತ್ರದ ಭಾಷೆಗೆ ಬದಲಿಸಿದ ಫೈಲುಗಳಷ್ಟೇ. ರಾಸ್ಪ್‌ಬೆರಿ ಪೈ ಎಂಬ, ಬೇರೆ ಮಾದರಿಯ ಪ್ರೊಸೆಸರ್ ಇರುವ ಪುಟ್ಟ ಕಂಪ್ಯೂಟರಿಗೆ ಹಾಕೋಣ ಅಂದರೆ ಆಗಲ್ಲ. ಕೆಟ್ಟರೆ ಬಿಚ್ಚಿ ನೋಡಿ ಸರಿಮಾಡೋಣ ಅಂದರೂ ಆಗಲ್ಲ.

ಅದಕ್ಕೇ ಕೆಲವರು ಕ್ಯಾಪ್ಟ್‌ಡ್ರೈವರ್ ಅಂತ ಬೇರೆಯದೇ ಒಂದನ್ನು ಬರೆದರು. ಇಂಥ ಕೆಲಸ ಹೇಗೆ ನಡೆಯುತ್ತದೆ ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ವಿಂಡೋಸಿನಿಂದ ಒಂದು ಖಾಲಿ ಹಾಳೆ ಪ್ರಿಂಟ್ ಕೊಟ್ಟು, ಯುಎಸ್‌ಬಿ ಕೇಬಲ್ಲಿನಲ್ಲಿ ಹೋದ ಬಂದ ಬೈಟುಗಳನ್ನೆಲ್ಲ (ಮಾಹಿತಿಯ ತುಣುಕುಗಳನ್ನೆಲ್ಲ), ಅವನ್ನು ದಾಖಲಿಸುವ ಸಾಫ್ಟ್‌ವೇರ್ ಆದ ವೈರ್‌ಶಾರ್ಕ್‌ನಲ್ಲಿ ಹಿಡಿದಿಡಬೇಕು. ಆಮೇಲೆ ಒಂದೇ ಒಂದು ಗೆರೆ ಇರುವ ಹಾಳೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವ ಬೈಟು ಬದಲಾಯಿತು ಅಂತ ಹುಡುಕಬೇಕು. ಟ್ರೇಯಿಂದ ಪೇಪರ್ ತೆಗೆದು ಮತ್ತೊಂದು ಸಲ, ಮುಚ್ಚಳ ತೆಗೆದಿಟ್ಟು ಇನ್ನೊಂದು ಸಲ. ಪ್ರಿಂಟರ್ ಮಾಡಿದವರ ಹತ್ತಿರ ಇರುವ ಉತ್ತರವನ್ನೇ ಹೀಗೆ ಒಂದೊಂದು ಬೈಟು ನೋಡಿ ಊಹಿಸಬೇಕು, ಅದೂ ರಾತ್ರಿ, ತಮ್ಮ ಕೆಲಸ ಮುಗಿಸಿ ಬಂದ ಮೇಲೆ.

ಬ್ರಾಡ್‌ಕಾಮ್ ವೈಫೈ ಚಿಪ್ಪಿನ ಕತೆಯೂ ಇದೇ. ನಕಲು ಮಾಡಿದರು ಅನ್ನುವ ಮಾತು ಬರಬಾರದೆಂದು ಒಂದು ತಂಡ ಕಂಪನಿಯ ಡ್ರೈವರನ್ನು ಬಿಡಿಸಿ ವಿವರ ಬರೆಯಿತು, ಇನ್ನೊಂದು ತಂಡ ಆ ವಿವರವನ್ನು ಮಾತ್ರ ಓದಿ ಕೋಡ್ ಬರೆಯಿತು. 2006ರಲ್ಲಿ ಅದು ಲಿನಕ್ಸಿನ ತಿರುಳಾದ ಕರ್ನಲ್ ಸೇರಿತು. ಕಂಪನಿ ತಾನಾಗಿ ಸೋರ್ಸ್ ಕೊಟ್ಟಿದ್ದು 2010ರಲ್ಲಿ, ಅದೂ ಆಗಿನ ಹೊಸ ಚಿಪ್ಪುಗಳಿಗೆ ಮಾತ್ರ. ಎನ್‌ವಿಡಿಯಾದ್ದು ಇನ್ನೂ ಬೇಸರದ ವಿಷಯ; ಇದು ಗ್ರಾಫಿಕ್ಸ್ ಕಾರ್ಡು ಮಾಡುವ ಕಂಪನಿ. ಅದರ ಕಾರ್ಡುಗಳಿಗೆ ನೂವೋ ಎಂಬ ತೆರೆದ ಡ್ರೈವರ್ ಬರೆದವರು ಎಷ್ಟು ಕಷ್ಟಪಟ್ಟರೂ, 2014ರ ಸುಮಾರಿಗೆ ಬಂದ ಕಾರ್ಡುಗಳಲ್ಲಿ ಕಂಪನಿ ಡಿಜಿಟಲ್ ಸಹಿ ಮಾಡಿದ, ಕಾರ್ಡಿನೊಳಗೇ ಓಡುವ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಇಲ್ಲದೆ ವೇಗ ಏರಿಸಲು ಬರುತ್ತಿರಲಿಲ್ಲ. ಕಾರ್ಡು ಆನ್ ಆದಾಗಿನ ನಿಧಾನ ವೇಗದಲ್ಲೇ ಕೂರುತ್ತಿತ್ತು.

ಒಮ್ಮೆ ಬರೆದರೆ ಮುಗೀತು ಅಂತಲೂ ಅಲ್ಲ. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಕರ್ನಲ್ ಬರುತ್ತದೆ. ಕರ್ನಲ್ ಒಳಗೇ ಇರುವ ಡ್ರೈವರನ್ನು, ಬದಲಾವಣೆ ಮಾಡಿದವರೇ ಜೊತೆಗೆ ತಿದ್ದುತ್ತಾರೆ. ಹೊರಗಿರುವುದನ್ನು ಯಾರೋ ಒಬ್ಬರು ಮತ್ತೆ ಮತ್ತೆ ತಿದ್ದುತ್ತಿರಬೇಕು. ಆ ಒಬ್ಬರು ಸುಸ್ತಾದರೆ ಸಾವಿರಾರು ಜನರ ವೈಫೈ ನಿಂತುಹೋಗುತ್ತದೆ, ಅಲ್ವಾ?

ಓಪನ್ ಸೋರ್ಸ್, ಅಂದರೆ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್ ಬಳಸಬೇಕೆಂದು ಕೇಂದ್ರ ಸರ್ಕಾರದ ನೀತಿಯೇ ಇದೆ, 2015ರಿಂದ. ಯಂತ್ರ ಕೊಳ್ಳುವಾಗಲೂ ಅದನ್ನು ನೆನಪಿಟ್ಟುಕೊಳ್ಳಬೇಕು. ಶಾಲೆ, ಗ್ರಂಥಾಲಯ, ತಾಲ್ಲೂಕು ಕಚೇರಿಗಳಿಗೆ ಕಂಪ್ಯೂಟರ್, ಪ್ರಿಂಟರ್ ಕೊಳ್ಳುವಾಗ ನಮ್ಮ ರಾಜ್ಯ ಸರ್ಕಾರ ಟೆಂಡರಿನಲ್ಲಿ ಒಂದು ಸಾಲು ಸೇರಿಸಲಿ: ವೈಫೈ, ಗ್ರಾಫಿಕ್ಸ್ ಚಿಪ್ಪುಗಳ ಡ್ರೈವರ್ ಮೂಲ ಲಿನಕ್ಸ್ ಕರ್ನಲ್‌ನಲ್ಲೇ ಇರಬೇಕು, ಪ್ರಿಂಟರ್ ಐಪಿಪಿ ಎವ್ರಿವೇರ್‌ನಂಥ ತೆರೆದ ಮಾನದಂಡಕ್ಕೆ ಒಗ್ಗಬೇಕು. ಅಂಥ ಪ್ರಿಂಟರಿಗೆ ಬೇರೆ ಡ್ರೈವರೇ ಬೇಡ. ಬಿಡಿಬಿಡಿಯಾಗಿ ಕೊಳ್ಳುವ ನಾವು ಕೇಳಿದರೆ ಕಂಪನಿಗಳು ಕಿವಿಗೆ ಹಾಕಿಕೊಳ್ಳದೇ ಇರಬಹುದು, ದೊಡ್ಡ ಆರ್ಡರ್ ಕೊಡುವ ಸರ್ಕಾರ ಕೇಳಿದರೆ ಖಂಡಿತ ಕೇಳಿಸುತ್ತದೆ.

ಈಗಾಗಲೇ ಲಿನಕ್ಸ್ ಬಳಸುವವರಲ್ಲಿ ಇನ್ನೊಂದು ಕೋರಿಕೆ. ಡ್ರೈವರ್ ನೋಡಿಕೊಳ್ಳುವವರ ಕೈಯಲ್ಲಿ ಎಲ್ಲ ಮಾಡೆಲ್ಲೂ ಇರುವುದಿಲ್ಲ. ಸುಮ್ನೆ "ಕೆಲಸ ಮಾಡ್ತಿಲ್ಲ" ಅಂತ ಬರೆಯುವ ಬದಲು ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ತೋರಿಸುವ, ಯುಎಸ್‌ಬಿಗೆ ಜೋಡಿಸಿದ ಸಾಧನದ ಐಡಿ, ಕರ್ನಲ್ ಆವೃತ್ತಿ, ಯಾವ ಅಪ್‌ಡೇಟ್ ಆದ ಮೇಲೆ ಕೆಟ್ಟಿತು, ಇಷ್ಟು ಬರೆದು ಕಳಿಸಿ. ಸರಿಯಾಗಿ ಓಡುತ್ತಿದ್ದರೆ ಅದನ್ನೂ ತಿಳಿಸಿ.

ಕಂಪ್ಯೂಟರ್ ರಿಪೇರಿಗಾರ, ಹಾಸನ